ಇದು ಆ ಪರ್ವತವಲ್ಲ

ಸಂಸ್ಕೃತ ಕಾವ್ಯಗಳಲ್ಲಿ ಬರುವ ಪರ್ವತ ಈಗಿನ ಯಾವ ಗುಡ್ಡ ಎಂದು ಪತ್ತೆ ಮಾಡಲು ಹೊರಟವರಿಗೆ ಪರ್ವತ ಸಿಗುವುದು ಕಡಿಮೆ, ಪ್ರಸಂಗ ಸಿಗುವುದು ಹೆಚ್ಚು. ಎಪ್ಪತ್ತರ ದಶಕದ ನಡುವಿನಿಂದ ಎಂಬತ್ತರ ದಶಕದವರೆಗೆ ಚನ್ನಗಿರಿ, ನ್ಯಾಮತಿ, ಹೊನ್ನಾಳಿ, ಜಗಳೂರು ಎಂದು ನಾವು ನೌಕರಿ ಮಾಡಿದ ಊರುಗಳಲ್ಲೆಲ್ಲ ಇದೇ ಆಯಿತು.

ನಾವು ಎಂದರೆ ನಾನು ಮತ್ತು ನಮ್ಮ ಮನೆಯವರು, ಅಂದರೆ ನನ್ನ ಹೆಂಡತಿ. ಹೈಸ್ಕೂಲಿನಲ್ಲಿ ನಾನು ಸಮಾಜ ಪಾಠ ಮಾಡುತ್ತಿದ್ದೆ, ಅವರು ಸಂಸ್ಕೃತ. ಸಮಾಜದ ಮೇಷ್ಟ್ರು ಎಲ್ಲ ಶಾಲೆಗೂ ಬೇಕು. ಸಂಸ್ಕೃತ ಹಾಗಲ್ಲ. ಮಕ್ಕಳು ಸಾಲದೆ ಹೋದರೆ ತರಗತಿ ಮುಚ್ಚುತ್ತಿದ್ದರು, ಟೀಚರನ್ನು ಎಲ್ಲಿ ಖಾಲಿ ಇದೆಯೋ ಅಲ್ಲಿಗೆ ಕಳಿಸುತ್ತಿದ್ದರು. ಹೀಗಾಗಿ ಪ್ರತಿ ಜೂನ್ ತಿಂಗಳಲ್ಲಿ ನಮ್ಮ ಮನೆಯಲ್ಲಿ ಇದ್ದ ಪ್ರಶ್ನೆ ಒಂದೇ: ಈ ವರ್ಷ ಎಂಟನೇ ಕ್ಲಾಸಿನಲ್ಲಿ ಸಂಸ್ಕೃತಕ್ಕೆ ಮಕ್ಕಳು ಬಂದಾರೋ ಇಲ್ಲವೋ. ಬಂದರೆ ಒಂದು ಮನೆ, ಬಾರದಿದ್ದರೆ ಎರಡು.

ಆಗ ಸಂಸ್ಕೃತದ ಪರೀಕ್ಷೆಗೆ ಉತ್ತರಗಳನ್ನು ಕನ್ನಡದಲ್ಲೇ ಬರೆಯಬಹುದಿತ್ತು. ಅಂಕವೂ ಧಾರಾಳ. ಆ ಆಸೆಗೆ ಬಂದ ಮಕ್ಕಳು ಶಬ್ದ, ಧಾತು ಬಾಯಿಪಾಠ ಮಾಡಬೇಕು ಎಂದ ಕೂಡಲೇ ಎದ್ದು ಕನ್ನಡದ ಕ್ಲಾಸಿಗೆ ಹೋಗುತ್ತಿದ್ದರು. ಅವರನ್ನು ಕೂಡಿಸಿಕೊಳ್ಳಲು ನಮ್ಮ ಮನೆಯವರು ಕಂಡುಕೊಂಡ ಉಪಾಯವೇ ಗುಡ್ಡ. ಕಾವ್ಯದಲ್ಲಿ ಹೆಸರಿರುವ ಪರ್ವತ ನಿಮ್ಮೂರ ಹಿಂದಿನದೇ ಇದ್ದರೂ ಇರಬಹುದು, ಭಾನುವಾರ ಹೋಗಿ ನೋಡೋಣ ಎನ್ನುತ್ತಿದ್ದರು. ಮಕ್ಕಳು ಬರುತ್ತಿದ್ದರು. ದಿಕ್ಕು, ಎತ್ತರ, ಬುತ್ತಿ ಇವು ನನ್ನ ಜವಾಬ್ದಾರಿ.

ಈ ಪ್ರಸಂಗಗಳನ್ನು ಮನೆಗೆ ಬಂದವರಿಗೆ ಅವರೇ ಹೇಳುತ್ತಿದ್ದರು. ಊರು, ದಿಕ್ಕು ತಪ್ಪಿದ ಕಡೆ ನಾನು ತಿದ್ದುತ್ತಿದ್ದೆ. ಈಗ ಅವರಿಲ್ಲ. ಹೇಳುವುದೂ ತಿದ್ದುವುದೂ ನಾನೇ.

ದರ್ದು

ದರ್ದುರ ಎಂಬುದು ದಕ್ಷಿಣ ದಿಕ್ಕಿನ ಒಂದು ಪರ್ವತ. ಕಾವ್ಯದಲ್ಲಿ ಮಲಯ ಪರ್ವತದ ಜೊತೆಗೆ ಅದರ ಹೆಸರು ಬರುತ್ತದೆ. ದರ್ದುರ ಎಂದರೆ ಕಪ್ಪೆ ಎಂದೂ ಅರ್ಥವಿದೆ. ಅದು ಎಲ್ಲಿದೆ ಎಂದರೆ ಪಂಡಿತರು ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸುತ್ತಾರೆ. ಚನ್ನಗಿರಿ ತಾಲ್ಲೂಕಿನ ಕಡೆ ಯಾರೂ ತೋರಿಸಿದಂತಿರಲಿಲ್ಲ. ಆ ಜಾಗ ಖಾಲಿ ಇದೆ ಎಂದು ನಮ್ಮ ಮನೆಯವರು ಅಲ್ಲಿಂದಲೇ ಶುರು ಮಾಡಿದರು.

ಒಂದು ಭಾನುವಾರ ಮಕ್ಕಳನ್ನು ಕಟ್ಟಿಕೊಂಡು ಉಬ್ರಾಣಿಯಲ್ಲಿ ಬಸ್ಸಿಳಿದೆವು. ಕಟ್ಟೆಯ ಮೇಲೆ ಒಬ್ಬ ಯಜಮಾನರು ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಇಲ್ಲಿ ದರ್ದುರ ಅಂತ ಯಾವುದಾದರೂ ಗುಡ್ಡ ಇದೆಯಾ ಎಂದು ನಮ್ಮ ಮನೆಯವರು ಕೇಳಿದರು.

"ಗುಡ್ಡ ಐತೆ ತಾಯಿ," ಎಂದರು ಯಜಮಾನರು. "ದರ್ದು ಯಾರಿಗೈತೆ?"

ದರ್ದು ನಮಗೇ ಇತ್ತು. ಆದರೆ ಅದನ್ನು ಒಪ್ಪಿಕೊಂಡರೆ ಮಾತು ಬೇರೆ ಕಡೆ ಹೋಗುತ್ತದೆ. ದರ್ದು ಅಲ್ಲ ದರ್ದುರ, ಅದು ಹೆಸರು, ಹಾಗೆಂದರೆ ಕಪ್ಪೆ ಎಂದು ನಮ್ಮ ಮನೆಯವರು ಬಿಡಿಸಿ ಹೇಳಿದರು. ಯಜಮಾನರು ಅವರನ್ನು ನೋಡಿದರು, ಬುತ್ತಿಯ ಗಂಟು ಹಿಡಿದ ಮಕ್ಕಳನ್ನು ನೋಡಿದರು, ಕೊನೆಗೆ ಜವಾಬ್ದಾರಿಯ ಮನುಷ್ಯ ಇವನೇ ಇರಬೇಕೆಂದು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು.

"ಮೇಷ್ಟ್ರೇ, ಕಪ್ಪೆ ನೋಡಾಕೆ ಗುಡ್ಡ ಯಾಕೆ ಹತ್ತಿಸ್ತೀರಿ? ಕೆರೆಗೆ ಕರ್ಕೊಂಡು ಹೋಗ್ರಿ."

ಆದರೂ ಹತ್ತಿದೆವು. ಮೇಲೆ ಕಪ್ಪೆಯ ಆಕಾರದ ಬಂಡೆ ಇರಲಿಲ್ಲ, ಕಪ್ಪೆಯೂ ಇರಲಿಲ್ಲ. ಇಳಿದು ಬರುವಾಗ ಕೆರೆಯಲ್ಲಿ ಇದ್ದವು.

ಸಂತೆಯಲ್ಲಿ ಒಂದು ಹೋಲಿಕೆ

ಮಲಯ, ದರ್ದುರ ಇವೆರಡೂ ದಕ್ಷಿಣ ದಿಕ್ಕು ಎಂಬ ಹೆಣ್ಣಿನ ಎರಡು ಸ್ತನಗಳಿದ್ದಂತೆ ಎಂದು ಒಂದು ಹಳೆಯ ಹೋಲಿಕೆ ಇದೆ. ಹಾಗಾದರೆ ಅಕ್ಕಪಕ್ಕದಲ್ಲಿ ಒಂದೇ ಎತ್ತರದ ಎರಡು ಗುಡ್ಡ ಸಿಕ್ಕರೆ ಕೆಲಸ ಅರ್ಧ ಮುಗಿದಂತೆ. ತೊಂದರೆ ಏನೆಂದರೆ, ಹುಡುಕುವುದನ್ನು ಬಾಯಿಬಿಟ್ಟು ಕೇಳಬೇಕು.

ಸಂತೇಬೆನ್ನೂರಿನ ಸಂತೆಗೆ ಸುತ್ತಿನ ಊರುಗಳವರೆಲ್ಲ ಬರುತ್ತಾರೆ, ಅಲ್ಲೇ ವಿಚಾರಿಸೋಣ ಎಂದು ಹೋದೆವು. ಬದನೆಕಾಯಿ ಮಾರುವ ಅಜ್ಜಿಯ ಮುಂದೆ ನಮ್ಮ ಮನೆಯವರು ಕುಳಿತರು. ಎರಡು ಗುಡ್ಡ, ಒಂದರ ಪಕ್ಕ ಒಂದು, ದುಂಡಗೆ, ಸಮ ಎತ್ತರ, ನಡುವೆ ಸ್ವಲ್ಪ ತಗ್ಗು, ಇಂಥದ್ದು ಎಲ್ಲಾದರೂ ಉಂಟೇ ಎಂದು ಕೇಳಿದರು. ತಕ್ಕಡಿ ಹಿಡಿದಿದ್ದ ಅಜ್ಜಿ ಸಂತೆಗೆ ಕೇಳುವಂಥ ಗಂಟಲಲ್ಲಿ ಹೇಳಿತು.

"ಮೊಲೆ ಗುಡ್ಡ ಅನ್ನವ್ವ. ಅಷ್ಟಕ್ಯಾಕೆ ಅಳತೆ ಹೇಳ್ತೀ?"

ಸುತ್ತ ಇದ್ದವರು ಆ ಗುಡ್ಡಕ್ಕೆ ಯಾವ ದಾರಿ ಹತ್ತಿರ ಎಂದು ಚರ್ಚೆ ಶುರು ಮಾಡಿದರು. ಯಾರಿಗೂ ಸಂಕೋಚವಿರಲಿಲ್ಲ. ಬರೆದ ಕವಿಗೂ ಇರಲಿಲ್ಲ. ನಡುವೆ ಸಿಕ್ಕಿಕೊಂಡ ಇಬ್ಬರು ಉಪಾಧ್ಯಾಯರಿಗೆ ಮಾತ್ರ ಇತ್ತು. ಅಷ್ಟರಲ್ಲಿ ಪಕ್ಕದ ಅಂಗಡಿಯಲ್ಲಿ ನಮ್ಮ ಶಾಲೆಯ ಕೆಲವು ಹುಡುಗರು ಬಹಳ ಶ್ರದ್ಧೆಯಿಂದ ಟೊಮ್ಯಾಟೊ ಆರಿಸುತ್ತಿರುವುದು ಕಂಡಿತು.

ಮರುದಿನ ಕ್ಲಾಸಿನಲ್ಲಿ ಆ ಹೋಲಿಕೆ ಬಂದಾಗ ನಮ್ಮ ಮನೆಯವರು "ದಕ್ಷಿಣ ದಿಕ್ಕಿನ ಎರಡು ಗುಡ್ಡಗಳು" ಎಂದಷ್ಟೇ ಅರ್ಥ ಹೇಳಿ ಮುಂದೆ ಹೋದರು.

"ಬಿಡ್ರಿ ಮೇಡಂ," ಎಂದಿತು ಹಿಂದಿನ ಬೆಂಚು. "ಗೊತ್ತಾತು."

ಗಂಧದ ವಾಸನೆ

ನ್ಯಾಮತಿಗೆ ವರ್ಗವಾದ ಮೇಲೆ ದರ್ದುರವನ್ನು ಬಿಟ್ಟು ಮಲಯ ಪರ್ವತವನ್ನು ಹಿಡಿದೆವು. ಮಲಯದ ಗುರುತು ಗಂಧದ ಮರ. ಅಲ್ಲಿಂದ ಬೀಸುವ ಗಾಳಿಯಲ್ಲೂ ಗಂಧದ ಪರಿಮಳ ಇರುತ್ತದೆ ಎಂದು ಕವಿಗಳು ಒಕ್ಕೊರಲಿನಿಂದ ಹೇಳುತ್ತಾರೆ. ಊರಿನಾಚೆ ಕಾಡು ಗುಡ್ಡಗಳಿಗೆ ಕೊರತೆಯಿಲ್ಲ. ಒಂದು ಗುಡ್ಡದ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕಣ್ಣು ಮುಚ್ಚಿ ಗಾಳಿ ಮೂಸಿ ನೋಡಿ ಎಂದರು. ಗಾಳಿಯಲ್ಲಿ ಏನೂ ತಿಳಿಯಲಿಲ್ಲ. ಹಾಗಾದರೆ ಮರಗಳನ್ನೇ ಮೂಸಿ ಎಂದರು.

ಮಕ್ಕಳು ಒಂದೊಂದು ಮರ ತಬ್ಬಿಕೊಂಡು ಮೂಸುತ್ತಿರುವಾಗ ಫಾರೆಸ್ಟ್ ಗಾರ್ಡು ಬಂದ. ಏನು ಹುಡುಕುತ್ತಿದ್ದೀರಿ ಎಂದು ಎದುರಿಗಿದ್ದ ಹುಡುಗಿಯನ್ನು ಕೇಳಿದ. ಸುಳ್ಳು ಹೇಳಬಾರದು ಎಂದು ನಾವೇ ಹೇಳಿಕೊಟ್ಟಿದ್ದೆವು. ಗಂಧದ ಮರ ಎಂದಳು. ಯಾರು ಕಳಿಸಿದರು ಎಂದ. ನಮ್ಮಿಬ್ಬರ ಕಡೆ ಕೈ ತೋರಿಸಿದಳು.

ಎಲ್ಲರೂ ರೇಂಜ್ ಆಫೀಸಿಗೆ ಹೋಗಬೇಕಾಯಿತು. ರೇಂಜರು ಸಭ್ಯಸ್ಥರು, ಕುರ್ಚಿ ಹಾಕಿಸಿದರು. ನಮ್ಮ ಮನೆಯವರು ಸಮಾಧಾನವಾಗಿ, ಪಾಠ ಮಾಡುವಂತೆಯೇ ವಿವರಿಸಿದರು. ಎಲ್ಲಿ ಗಂಧದ ಮರ ಹೆಚ್ಚಾಗಿ ಇದೆಯೋ ಅದನ್ನು ಮಲಯ ಪರ್ವತ ಎಂದು ಗುರುತಿಸಬಹುದು, ನಾವು ನೋಡುತ್ತಿದ್ದದ್ದು ಅಷ್ಟೇ ಎಂದರು. ರೇಂಜರು ಹಿಂದಿನ ಬಾಗಿಲ ಕಡೆ ಕೈ ತೋರಿಸಿದರು.

"ಹಂಗಾದ್ರೆ ಗುಡ್ಡಕ್ಕೆ ಯಾಕೆ ಹೋಗ್ತೀರಿ ಅಮ್ಮಾ? ಈ ಆಫೀಸಿನ ಹಿಂದೆ ಒಂದು ಶೆಡ್ ಐತೆ. ಕಳ್ಳರಿಂದ ಹಿಡಿದ ಗಂಧ ಎಲ್ಲ ಅಲ್ಲೇ ಐತೆ. ನಿಮ್ಮ ಪ್ರಕಾರ ಅದೇ ಮಲಯ ಪರ್ವತ."

ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದರು. ಬಾಗಿಲು ತೆಗೆದಾಗ ಪರಿಮಳ ಬಂತು. ಕಾವ್ಯದಲ್ಲಿ ಹೇಳಿದಂತೆಯೇ ಇತ್ತು.

ಹುಟ್ಟುವ ಗುಡ್ಡ, ಮುಳುಗುವ ಗುಡ್ಡ

ಹೊನ್ನಾಳಿಯಲ್ಲಿ ಮಕ್ಕಳ ಸಂಖ್ಯೆ ಮೊದಲ ವರ್ಷವೇ ಸಾಲದೆ ಬಂತು. ಹತ್ತಿರದ ಎರಡು ಹಳ್ಳಿಗಳಿಂದ ಹೈಸ್ಕೂಲಿಗೆ ಬರುವ ಮಕ್ಕಳು ಸೇರಿದರೆ ತರಗತಿ ಉಳಿಯುತ್ತಿತ್ತು. ಆ ಎರಡು ಹಳ್ಳಿಗಳ ನಡುವೆ ಒಂದು ಗುಡ್ಡ, ಒಂದು ಹಳೆಯ ಜಗಳ. ಜಗಳ ಯಾವುದರ ಬಗ್ಗೆ ಎಂಬುದು ಇಬ್ಬರಿಗೂ ಮರೆತಿತ್ತು. ಗುಡ್ಡ ಮಾತ್ರ ಅಲ್ಲೇ ಇತ್ತು.

ಕಾವ್ಯದಲ್ಲಿ ಸೂರ್ಯ ಹುಟ್ಟುವುದು ಉದಯಾದ್ರಿ, ಮುಳುಗುವುದು ಅಸ್ತಾದ್ರಿ. ನಮ್ಮ ಮನೆಯವರು ಗುಡ್ಡದ ಮೂಡಣ ಬದಿಯ ಹಳ್ಳಿಗೆ ಹೋಗಿ, ಸಂಜೆ ಸೂರ್ಯ ನಿಮ್ಮ ಗುಡ್ಡದ ಹಿಂದೆ ಇಳಿಯುತ್ತಾನೆ, ಆದ್ದರಿಂದ ಇದು ನಿಮ್ಮ ಅಸ್ತಾದ್ರಿ ಎಂದರು. ಊರವರಿಗೆ ಸಂತೋಷವಾಯಿತು. ಮಕ್ಕಳನ್ನು ಸಂಸ್ಕೃತಕ್ಕೆ ಹಾಕುತ್ತೇವೆ ಎಂದರು. ಮುಂದಿನ ವಾರ ಪಡುವಣ ಬದಿಯ ಹಳ್ಳಿಗೆ ಹೋಗಿ, ಬೆಳಿಗ್ಗೆ ಸೂರ್ಯ ಈ ಗುಡ್ಡದಿಂದ ಏಳುತ್ತಾನೆ, ಇದು ನಿಮ್ಮ ಉದಯಾದ್ರಿ ಎಂದರು. ಅವರಿಗೂ ಸಂತೋಷವಾಯಿತು.

ಒಂದು ತಿಂಗಳು ಕಳೆಯುವುದರೊಳಗೆ ಎರಡೂ ಹಳ್ಳಿಯ ಯಜಮಾನರು ಶಾಲೆಗೆ ಬಂದರು. ಒಂದೇ ಗುಡ್ಡ ಎರಡು ಪರ್ವತ ಹೇಗಾದೀತು, ಯಾರದು ನಿಜ ಹೇಳಬೇಕು, ಇಲ್ಲದಿದ್ದರೆ ಮಕ್ಕಳನ್ನು ಕನ್ನಡಕ್ಕೆ ಹಾಕುತ್ತೇವೆ ಎಂದು ಕುಳಿತರು. ಹೆಡ್‌ಮಾಸ್ಟರರು ನಮ್ಮ ಮನೆಯವರ ಮುಖ ನೋಡಿದರು. ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು ಭೂಗೋಳ ತೆಗೆದೆ. ಭೂಮಿ ತಿರುಗುತ್ತದೆ, ಸೂರ್ಯ ಹುಟ್ಟುವುದೂ ಇಲ್ಲ ಮುಳುಗುವುದೂ ಇಲ್ಲ ಎಂದೆ. ಆ ಕ್ಷಣ ಎರಡೂ ಹಳ್ಳಿಗಳು ಒಂದಾದವು. ಇಬ್ಬರೂ ನನ್ನ ಮಾತನ್ನು ಒಪ್ಪಲಿಲ್ಲ.

ಎದ್ದು ಹೋಗುವ ಮುಂಚೆ ಪಡುವಣ ಹಳ್ಳಿಯ ಯಜಮಾನರು ದೊಡ್ಡ ಮನಸ್ಸು ಮಾಡಿದರು.

"ಹೋಗ್ಲಿ ಬಿಡ್ರಿ. ಅವರಿಗೆ ಮುಳುಗ್ಲಿ. ನಮಗೆ ಹುಟ್ಟಿದರೆ ಸಾಕು."

ಎರಡೂ ಕಡೆಯ ಮಕ್ಕಳು ಉಳಿದರು. ಆ ವರ್ಷವೂ ಒಂದೇ ಮನೆ.

ಹನುಮಪ್ಪನ ಲೆಕ್ಕ

ಯಾವ ಊರಿಗೆ ಹೋಗಿ ಗುಡ್ಡದ ವಿಷಯ ಎತ್ತಿದರೂ ಮೊದಲು ಬರುವ ಮಾತು, ಇದು ಹನುಮಪ್ಪ ಸಂಜೀವಿನಿ ಬೆಟ್ಟ ಹೊತ್ತು ಹಾರುವಾಗ ಬಿದ್ದ ತುಂಡು ಎಂಬುದು. ನಮ್ಮ ಮನೆಯವರು ಯಾರ ಮಾತನ್ನೂ ಅಲ್ಲಗಳೆಯುತ್ತಿರಲಿಲ್ಲ. ಹೌದಾ ಎಂದು ಕೇಳಿಕೊಂಡು ಬರುತ್ತಿದ್ದರು. ಒಂದು ದಿನ ಹೊನ್ನಾಳಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕೂತವರು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದರು.

"ರೀ, ಇವರೆಲ್ಲ ಹೇಳೋದು ನಿಜ ಆದ್ರೆ, ಪಾಪ, ಹನುಮಪ್ಪ ಲಂಕೆಗೆ ಬರೀ ಕೈಲಿ ಮುಟ್ಟಿರಬೇಕು."

ಅರ್ಧ ಅಂಕ

ನಮ್ಮಿಬ್ಬರ ನಡುವೆ ಮನಸ್ತಾಪವಾದದ್ದು ಒಂದೇ ಸಲ, ಅದೂ ಒಂದು ನಕ್ಷೆಯ ಸಲುವಾಗಿ. ಹತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಭಾರತದ ನಕ್ಷೆ ಕೊಟ್ಟು, ನಿಮಗೆ ಗೊತ್ತಿರುವ ಯಾವುದಾದರೂ ಎರಡು ಪರ್ವತಗಳನ್ನು ಗುರುತಿಸಿ ಎಂದು ಕೇಳಿದ್ದೆ. ಪ್ರಶ್ನೆ ಬಿಗಿಯಾಗಿರಲಿಲ್ಲ, ಒಪ್ಪುತ್ತೇನೆ. ಸಂಸ್ಕೃತ ತಗೊಂಡಿದ್ದ ಒಬ್ಬ ಹುಡುಗ ಒಂದು ಕಡೆ ವಿಂಧ್ಯವನ್ನು ಸರಿಯಾಗಿ ಗುರುತಿಸಿ, ಇನ್ನೊಂದನ್ನು ಸಮುದ್ರದಲ್ಲಿ ಗುರುತಿಸಿದ್ದ. ನೀರಿನ ಅಲೆಯ ಕೆಳಗೆ ಒಂದು ಪುಟ್ಟ ಗುಡ್ಡ ಬರೆದು, ಬಾಣ ಹಾಕಿ, "ಮೈನಾಕ. ಒಳಗೆ ಇದೆ. ಕಾಣುವುದಿಲ್ಲ" ಎಂದು ಬರೆದಿದ್ದ.

ಮೈನಾಕ ಎಂಬ ಪರ್ವತ ಇಂದ್ರನಿಗೆ ಹೆದರಿ ಸಮುದ್ರದಲ್ಲಿ ಅಡಗಿಕೊಂಡಿತು ಎಂಬುದು ಕಾವ್ಯದಲ್ಲಿ ಬರುವ ವಿಷಯ. ನಾನು ಪೂರ್ತಿ ತಪ್ಪು ಹಾಕಲು ಹೋದೆ. ಕಾಣುವುದಿಲ್ಲ ಎಂದು ಅವನೇ ಬರೆದಿರುವಾಗ ಇಲ್ಲ ಎಂದು ಹೇಗೆ ಹೇಳುತ್ತೀರಿ ಎಂದು ನಮ್ಮ ಮನೆಯವರು ಕೇಳಿದರು. ಯೋಚಿಸಿ ಅರ್ಧ ಅಂಕ ಕೊಟ್ಟೆ. ಅವರಿಗೆ ಅದೂ ಸಾಲಲಿಲ್ಲ. ಎರಡು ದಿನ ಅವರು ಮಾತು ಕಡಿಮೆ ಮಾಡಿದರು. ಮೂರನೆಯ ದಿನ ಸಾರು ಬಡಿಸುತ್ತಾ, ಉಳಿದ ಅರ್ಧ ಎಲ್ಲಿ ಎಂದರು.

ಒಳಗೆ ಇದೆ, ಕಾಣುವುದಿಲ್ಲ ಎಂದೆ.

ರೆಕ್ಕೆ ಕತ್ತರಿಸಿದ ಮೇಲೆ

ಹೊನ್ನಾಳಿಯ ತರಗತಿ ಕಡೆಗೂ ಮುಚ್ಚಿತು. ಸಂಸ್ಕೃತಕ್ಕೆ ಜಾಗ ಇದ್ದದ್ದು ಜಗಳೂರಿನಲ್ಲಿ. ಆಗ ಹೊನ್ನಾಳಿ ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗ ಜಿಲ್ಲೆ. ತಾನಾಗಿ ಕೇಳಿಕೊಂಡು ಅಲ್ಲಿಗೆ ಹೋಗುವವರು ಇರಲಿಲ್ಲ. ನಾನು ಕೇಳಿಕೊಂಡೆ. ಆಫೀಸಿನಲ್ಲಿ ಅರ್ಜಿಯನ್ನು ಎರಡು ಸಲ ಓದಿ, ಊರಿನ ಹೆಸರು ತಪ್ಪಿ ಬರೆದಿಲ್ಲವಲ್ಲ ಎಂದು ಕೇಳಿ ಮಂಜೂರು ಮಾಡಿದರು.

ಜಗಳೂರಿನ ಕಡೆ ಗುಡ್ಡಗಳಿಗೆ ಮರದ ಹಂಗಿಲ್ಲ. ಬಂಡೆ, ಕುರುಚಲು, ಬಿಸಿಲು. ಮೊದಲ ಭಾನುವಾರವೇ ಒಂದು ಗುಡ್ಡದ ಬುಡದಲ್ಲಿ ಮಕ್ಕಳನ್ನು ಕೂಡಿಸಿ ನಮ್ಮ ಮನೆಯವರು ಕಥೆ ಹೇಳಿದರು. ಹಿಂದೆ ಎಲ್ಲ ಪರ್ವತಗಳಿಗೂ ರೆಕ್ಕೆ ಇದ್ದವು, ಬೇಕಾದ ಕಡೆ ಹಾರಿ ಹೋಗಿ ಕೂರುತ್ತಿದ್ದವು, ಜನಕ್ಕೆ ತೊಂದರೆಯಾಯಿತೆಂದು ಇಂದ್ರ ರೆಕ್ಕೆ ಕತ್ತರಿಸಿದ, ಆವಾಗ ಯಾವುದು ಎಲ್ಲಿತ್ತೋ ಅಲ್ಲೇ ಬಿತ್ತು ಎಂದರು. ಪಕ್ಕದಲ್ಲಿ ಕುರಿ ಬಿಟ್ಟುಕೊಂಡು ಕಂಬಳಿ ಹೊದ್ದು ನಿಂತಿದ್ದ ಒಬ್ಬ ಮುದುಕ ಕಥೆಯನ್ನು ಪೂರ್ತಿ ಕೇಳಿಸಿಕೊಂಡ.

"ಇದು ಖರೇ ಇರಬೇಕ್ರಿ," ಎಂದ. "ರೆಕ್ಕೆ ಇದ್ದಿದ್ರೆ ಈ ಸೀಮೆಗೆ ಯಾವ ಗುಡ್ಡ ಬಂದು ಕೂರ್ತಿತ್ತು?"

ಆಮೇಲೆ ನನ್ನ ಕಡೆ ನೋಡಿ, ಮೇಷ್ಟ್ರು ಎಲ್ಲಿಂದ ಬಂದರು ಎಂದು ಕೇಳಿದ. ಹೊನ್ನಾಳಿಯಿಂದ ವರ್ಗವಾಗಿ ಬಂದೆ ಎಂದೆ. ತಲೆಯಾಡಿಸಿದ.

"ಅದೇ ಅಂದೆ."

ಮೇರು ಎಲ್ಲಿದೆ

ಜಗಳೂರಿನಲ್ಲಿ ಕೆಲವು ವರ್ಷ ಹೇಗೋ ನಡೆಯಿತು. ಒಂದು ಜೂನ್‌ನಲ್ಲಿ ಸಂಸ್ಕೃತಕ್ಕೆ ಬಂದ ಮಕ್ಕಳು ಒಂದು ಬೆಂಚಿನಷ್ಟು. ಇಲಾಖೆಯಿಂದ ಪರಿವೀಕ್ಷಕರು ಬರುತ್ತಾರೆ, ತರಗತಿ ಮುಚ್ಚುವ ಆರ್ಡರು ಟೈಪ್ ಆಗಿಯೇ ಬರುತ್ತದಂತೆ, ಸಹಿ ಒಂದು ಬಾಕಿ ಎಂದು ಹೆಡ್‌ಮಾಸ್ಟರರು ಹಿಂದಿನ ದಿನ ನನ್ನನ್ನು ಕರೆದು ಹೇಳಿದರು. ಈ ಸಲ ಖಾಲಿ ಇರುವ ಜಾಗ ಬೀದರ್ ಕಡೆ. ಸಮಾಜಕ್ಕೆ ಅಲ್ಲಿ ಜಾಗ ಇರಲಿಲ್ಲ. ವಿಚಾರಿಸಿದ್ದೆ.

ಬೆಳಿಗ್ಗೆ ನಮ್ಮ ಮನೆಯವರು ಬೀದರಿನ ವಿಷಯ ಎತ್ತಲಿಲ್ಲ. ಎರಡು ಮನೆ ಆದರೆ ಕುಕ್ಕರು ಯಾರ ಹತ್ತಿರ ಇರಬೇಕು ಎಂದು ಕೇಳಿದರು. ನಿಮ್ಮ ಹತ್ತಿರ ಎಂದೆ. ನಿಮಗೆ ಅನ್ನ ಬಸಿಯಲು ಬರುವುದಿಲ್ಲವಲ್ಲ ಎಂದರು. ಕಲಿಯುತ್ತೇನೆ ಎಂದೆ. ಈ ವಯಸ್ಸಿನಲ್ಲಾ ಎಂದರು. ಅಷ್ಟರಲ್ಲಿ ಶಾಲೆಗೆ ಹೊತ್ತಾಯಿತು.

ಪರಿವೀಕ್ಷಕರು ಬಂದರು. ದಪ್ಪ ಕನ್ನಡಕದ, ನಗದ ಮನುಷ್ಯ. ಮಕ್ಕಳಿಗೆ ಒಂದೆರಡು ಶಬ್ದರೂಪ ಕೇಳಿದರು, ಮಕ್ಕಳು ಹೇಳಿದರು. ಅವರ ಮುಖದಲ್ಲಿ ಬದಲಾವಣೆ ಕಾಣಲಿಲ್ಲ. ಏನಾದರೂ ಮಾಡಬೇಕೆಂದು ಹೆಡ್‌ಮಾಸ್ಟರರು, ಸಾರ್, ಈ ಮಕ್ಕಳು ಕಾವ್ಯದ ಪರ್ವತಗಳನ್ನು ಗುಡ್ಡ ಗುಡ್ಡ ಹತ್ತಿ ಗುರುತಿಸಿದ್ದಾರೆ ಎಂದುಬಿಟ್ಟರು. ಎಷ್ಟು ಸಿಕ್ಕಿವೆ ಎಂದು ಪರಿವೀಕ್ಷಕರು ನಮ್ಮ ಮನೆಯವರನ್ನು ಕೇಳಿದರು. ಒಂದೂ ಸಿಕ್ಕಿಲ್ಲ ಸಾರ್, ಯಾವುದು ಅಲ್ಲ ಎನ್ನುವುದು ಮಾತ್ರ ಸಾಕಷ್ಟು ಗೊತ್ತಾಗಿದೆ ಎಂದರು ಅವರು. ಹೆಡ್‌ಮಾಸ್ಟರರು ಕಿಟಕಿಯ ಹೊರಗೆ ನೋಡತೊಡಗಿದರು. ನಾನು ಬಾಗಿಲ ಬಳಿ ನಿಂತಿದ್ದೆ.

ಪರಿವೀಕ್ಷಕರು ಪೆನ್ನು ತೆಗೆದರು. ಮುಚ್ಚುವ ಮುಂಚೆ ಒಂದು ಪ್ರಶ್ನೆ ಕೇಳಿದ ಶಾಸ್ತ್ರವಾಗಲಿ ಎಂಬಂತೆ, ಬೆಂಚಿನ ತುದಿಯಲ್ಲಿದ್ದ ಹುಡುಗಿಯನ್ನು ಎಬ್ಬಿಸಿ, ಮೇರು ಪರ್ವತ ಎಲ್ಲಿದೆ ಎಂದರು.

ಹುಡುಗಿ ಎದ್ದು ನಿಂತು ಕೇಳಿದಳು: "ಸಂಸ್ಕೃತದಾಗೇನ್ರಿ ಸಾರ್, ಸಮಾಜದಾಗೇನ್ರಿ?"

ಪರಿವೀಕ್ಷಕರು ಕನ್ನಡಕ ಸರಿಮಾಡಿಕೊಂಡರು. ಎರಡರಲ್ಲೂ ಹೇಳು ಎಂದರು.

"ಸಂಸ್ಕೃತದಾಗೆ ಭೂಮಿ ನಟ್ಟನಡುವೆ ಐತ್ರಿ. ಬಂಗಾರದ್ದು. ಸಮಾಜದಾಗೆ ಇಲ್ರಿ."

"ಎರಡರಲ್ಲಿ ಯಾವುದು ನಿಜ?"

ಹುಡುಗಿ ಬೋರ್ಡಿನ ಹತ್ತಿರ ನಿಂತಿದ್ದ ನಮ್ಮ ಮನೆಯವರನ್ನು ನೋಡಿದಳು. ಬಾಗಿಲ ಬಳಿ ಇದ್ದ ನನ್ನನ್ನು ನೋಡಿದಳು. ಯಾರಿಗೂ ಬೇಸರವಾಗಬಾರದು ಎಂದು ಬಹಳ ಯೋಚಿಸಿದಂತೆ ಕಂಡಿತು.

"ಅದು ಅವರ ಮನ್ಯಾಗೆ ತೀರ್ಮಾನ ಆಗಬೇಕ್ರಿ ಸಾರ್. ಇನ್ನೂ ಆಗಿಲ್ಲ."

ಪರಿವೀಕ್ಷಕರು ತಿರುಗಿ, ಇವರಿಬ್ಬರೂ ಗಂಡ ಹೆಂಡತಿಯೇ ಎಂದು ಹೆಡ್‌ಮಾಸ್ಟರರನ್ನು ಕೇಳಿದರು. ಹೌದು ಸಾರ್, ಒಂದೇ ಮನೆ ಎಂದರು ಹೆಡ್‌ಮಾಸ್ಟರರು. ಪರಿವೀಕ್ಷಕರ ಭುಜ ಮೊದಲು ಅಲುಗಾಡಿತು. ಆಮೇಲೆ ಹೊಟ್ಟೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಟೈಪ್ ಮಾಡಿದ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟರು.

"ತೀರ್ಮಾನ ಆಗಲಿ," ಎಂದರು. "ಅಲ್ಲೀತನಕ ಯಾರನ್ನೂ ಎಲ್ಲಿಗೂ ಕಳಿಸೋದು ಬೇಡ."

ತೀರ್ಮಾನ ಆಗದಂತೆ ನಾವಿಬ್ಬರೂ ನೋಡಿಕೊಂಡೆವು. ಊಟಕ್ಕೆ ಕುಳಿತಾಗ ಅವರು ಇದೆ ಎನ್ನುತ್ತಿದ್ದರು, ನಾನು ಇಲ್ಲ ಎನ್ನುತ್ತಿದ್ದೆ, ಅಷ್ಟಕ್ಕೆ ನಿಲ್ಲಿಸುತ್ತಿದ್ದೆವು. ನಿವೃತ್ತಿಯವರೆಗೂ ಜಗಳೂರಿನಲ್ಲೇ ಇದ್ದೆವು.

ಈಗ ಮನೆಯಲ್ಲಿ ಸಮಾಜ ಒಂದೇ ಉಳಿದಿದೆ. ಬೇಕಿದ್ದರೆ ಇವತ್ತೇ ತೀರ್ಮಾನ ಮಾಡಿಬಿಡಬಹುದು. ಮಾಡಿಲ್ಲ. ಎದುರು ಪಕ್ಷದವರು ಹಾಜರಿಲ್ಲದಾಗ ಅದು ನ್ಯಾಯವಲ್ಲ.